ಕಾಮಗಾರಿ ಮಣ್ಣಿನ ಸವಕಳಿ ಮತ್ತು ಹೂಳು ನಿಯಂತ್ರಣ (ಮಾರತ್ತಹಳ್ಳಿ)

ಕಟ್ಟಡ, ರಸ್ತೆ, ಮೆಟ್ರೊ ಕೆಲಸಕ್ಕೆಂದು ಅಗೆದ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಕಾಯುವುದು ಸವಕಳಿ ನಿಯಂತ್ರಣ. ಕೊಚ್ಚಿಹೋದ ಮಣ್ಣು ನಿವೇಶನದ ಎಲ್ಲೆ ದಾಟದಂತೆ ಹಿಡಿಯುವುದು ಹೂಳು ನಿಯಂತ್ರಣ. ಮೊದಲನೆಯದು ಸುಲಭ ಮತ್ತು ಅಗ್ಗ. ಎರಡನೆಯದು ಎಷ್ಟು ಮಾಡಿದರೂ ಅರ್ಧಂಬರ್ಧ.

ಬೆಂಗಳೂರಿನ ಪೂರ್ವ ಭಾಗದ ಮಾರತ್ತಹಳ್ಳಿ ಈ ವಿಷಯಕ್ಕೆ ಒಳ್ಳೆಯ ಉದಾಹರಣೆ. ಹೊರವರ್ತುಲ ರಸ್ತೆ ಬಂದ ಮೇಲೆ ಇಲ್ಲಿನ ಹೊಲ ತೋಟಗಳು ಸಾಫ್ಟ್‌ವೇರ್ ಕಚೇರಿ, ಅಪಾರ್ಟ್‌ಮೆಂಟುಗಳಾದವು. ಅದೇ ರಸ್ತೆಯಲ್ಲಿ 2021ರಿಂದ ರೇಷ್ಮೆ ಮಂಡಳಿ–ಕೆ.ಆರ್. ಪುರ ಮೆಟ್ರೊ ಮಾರ್ಗದ ಕೆಲಸ ನಡೆದಿದೆ. ಸುತ್ತ ದೊಡ್ಡನೆಕ್ಕುಂದಿ, ಮುನ್ನೇಕೊಳಾಲ, ಕುಂದಲಹಳ್ಳಿ, ಚಿನ್ನಪ್ಪನಹಳ್ಳಿ ಕೆರೆಗಳಿವೆ. ಈ ಪ್ರದೇಶದ ನೀರು ಕೊನೆಗೆ ಬೆಳ್ಳಂದೂರು–ವರ್ತೂರು ಕೆರೆಸಾಲಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಇಲ್ಲಿನ ನೆಲದಲ್ಲಿ ಮೇಲೆ ಕೆಮ್ಮಣ್ಣು, ಅಡಿಯಲ್ಲಿ ಪುಡಿಯಾಗುತ್ತಿರುವ ಗ್ನೈಸ್ ಶಿಲೆ. ನಗರದ ವಾರ್ಷಿಕ ಮಳೆ ಸರಾಸರಿ ಸುಮಾರು 970 ಮಿ.ಮೀ.; ಆದರೆ ಅದು ಹದವಾಗಿ ಹಂಚಿ ಸುರಿಯುವುದಿಲ್ಲ. 2022ರ ಸೆಪ್ಟೆಂಬರ್ 5ಕ್ಕೆ ಮುಗಿದ 24 ಗಂಟೆಗಳಲ್ಲೇ 131.6 ಮಿ.ಮೀ. ಬಿದ್ದು ಹೊರವರ್ತುಲ ರಸ್ತೆ ಮುಳುಗಿತು. ಆ ಪ್ರವಾಹಕ್ಕೆ ಕೆರೆ–ಕಾಲುವೆಗಳ ಒತ್ತುವರಿಯೇ ಕಾರಣವೆಂದು ಹಲವರು ಬರೆದರು. ಉಳಿದಿದ್ದ ಕಾಲುವೆಯಲ್ಲೂ ಅರ್ಧ ಮಣ್ಣೇ ತುಂಬಿದ್ದರೆ ಅದು ಎಷ್ಟು ನೀರು ಸಾಗಿಸೀತು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ನಿಯಮಗಳಿಗೇನೂ ಬರವಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚು ನಿರ್ಮಿತ ವಿಸ್ತೀರ್ಣದ ಕಟ್ಟಡಕ್ಕೆ ಪೂರ್ವಾನುಮತಿ ಬೇಕು. ಅರ್ಜಿಯ ನಮೂನೆ 1ಎ ಎಷ್ಟು ಮಣ್ಣು ಅಗೆಯುತ್ತೀರಿ, ಎಷ್ಟು ತುಂಬುತ್ತೀರಿ, ಸವಕಳಿ ಆಗುವುದೇ, ಸಹಜ ನೀರಿನ ಹರಿವು ಬದಲಾಗುವುದೇ ಎಂದು ನೇರವಾಗಿಯೇ ಕೇಳುತ್ತದೆ. ತೊಡಕಿರುವುದು ಅಳತೆಗೋಲಿನಲ್ಲಿ: ಅದು ನೆಲಮಾಳಿಗೆಯೂ ಸೇರಿದಂತೆ ಮಹಡಿಗಳನ್ನು ಅಳೆಯುತ್ತದೆ, ಕೆದಕಿದ ನೆಲವನ್ನಲ್ಲ. ಅಮೆರಿಕದಲ್ಲಿ 1 ಎಕರೆ ನೆಲ ಕೆದಕಿದರೂ ಮಳೆನೀರಿನ ಪರವಾನಗಿ ಬೇಕು, ಸವಕಳಿ ತಡೆಯುವ ಯೋಜನೆಯನ್ನು ಬರೆದಿಡಬೇಕು. ಇಲ್ಲಿ ನೆಲಮಾಳಿಗೆಗಳೂ ಸೇರಿ ಒಟ್ಟು 15,000 ಚದರ ಮೀಟರಿನ ಕಟ್ಟಡಕ್ಕೆ ಮೂರು ನೆಲಮಾಳಿಗೆಯ ಗುಂಡಿ ತೋಡಿದರೂ ಆ ನಮೂನೆ ತುಂಬಬೇಕಿಲ್ಲ.

ಕೆರೆ–ಕಾಲುವೆಗಳ ಮೀಸಲು ಅಂಚು ಇನ್ನೊಂದು ರಕ್ಷೆ. ಪರಿಷ್ಕೃತ ನಗರ ಯೋಜನೆ–2015 ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಕೆರೆಯ ಅಂಚನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದುಪಡಿಸಿತು. ಅಂಚು ಎಷ್ಟೇ ಅಗಲವಿರಲಿ, ಮಣ್ಣು ಬರುವುದು ಪೈಪಿನಲ್ಲಾದರೆ ಅದರಿಂದ ಪ್ರಯೋಜನವಿಲ್ಲ. 2018ರ ಜನವರಿ 25ರ ಕೇಂದ್ರ ಅಧಿಸೂಚನೆ ಸಡಿಲ ಮಣ್ಣು, ಮರಳನ್ನು ಮುಚ್ಚಿಡಬೇಕೆಂದಿತು. ಅದರ ಚಿಂತೆ ಧೂಳಿನದು, ಕೆಸರಿನದಲ್ಲ.

ಕೆಸರು ಎಲ್ಲಿಂದ ಹೊರಡುತ್ತದೆಂದು ನೋಡಲು ಪಾಯದ ಗುಂಡಿಯ ಬಳಿ ನಿಂತರೆ ಸಾಕು. ಅಂತರ್ಜಲ ಒಸರುತ್ತದೆ, ಪಂಪು ಹಚ್ಚುತ್ತಾರೆ, ಪೈಪಿನ ತುದಿ ರಸ್ತೆಬದಿಯ ಚರಂಡಿಯೊಳಗಿರುತ್ತದೆ. ಆ ಕೆಂಪು ನೀರನ್ನು ಬಾಟಲಿಯಲ್ಲಿ ಹಿಡಿದಿಟ್ಟರೆ ಮರಳು ಕಣ್ಣೆದುರೇ ತಳ ಸೇರುತ್ತದೆ. ನೀರು ಮಾತ್ರ ಮರುದಿನವೂ ಕೆಂಪಗೇ ಇರುತ್ತದೆ. ನಿಂತ ನೀರಿನಲ್ಲಿ 0.1 ಮಿ.ಮೀ.ನ ಮರಳು ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು, 0.01 ಮಿ.ಮೀ.ನ ಗೋಡಿಗೆ ಸುಮಾರು ಮೂರು ಗಂಟೆ ಬೇಕು; 0.001 ಮಿ.ಮೀ.ನ ಜೇಡಿ ಕಣಕ್ಕೆ ಹನ್ನೆರಡು ದಿನ ಹಿಡಿಯುತ್ತದೆ. ಹಾಗಾಗಿ ನೀರು ನಿಲ್ಲಿಸಿ ಹೂಳು ತಂಗಿಸುವ ಗುಂಡಿ ತೋಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಜೇಡಿ ಹೆಪ್ಪುಗಟ್ಟಲು ಪಟಿಕದಂಥದ್ದನ್ನು ಬೆರೆಸಬೇಕು. ಹಳ್ಳಿಯಲ್ಲಿ ಬಗ್ಗಡದ ನೀರಿಗೆ ಚಿಲ್ಲದ ಬೀಜ ತೇಯುತ್ತಿದ್ದುದೂ ಇದೇ ಉಪಾಯ.

ಉಳಿದ ಕ್ರಮಗಳು ಸರಳ: ಇಡೀ ನಿವೇಶನವನ್ನು ಒಮ್ಮೆಗೇ ಬೋಳಿಸದೆ ಕಂತುಕಂತಾಗಿ ಅಗೆಯುವುದು, ಮೇಲಿನಿಂದ ಬರುವ ನೀರನ್ನು ಬದು ಹಾಕಿ ಬೇರೆಡೆಗೆ ತಿರುಗಿಸುವುದು, ಮೇಲ್ಮಣ್ಣಿನ ರಾಶಿಗೆ ತಾಡಪಾಲು ಹೊದಿಸುವುದು, ಗೇಟಿನ ಬಳಿ ದಪ್ಪ ಜಲ್ಲಿ ಹರವಿ ಟಿಪ್ಪರ್ ಚಕ್ರ ತೊಳೆದು ಬಿಡುವುದು. ಲೀಡ್ ಹಸಿರು ಪ್ರಮಾಣಪತ್ರಕ್ಕೆ ಕಾಮಗಾರಿ ಮಾಲಿನ್ಯದ ತಡೆ ಕಡ್ಡಾಯವಾದ್ದರಿಂದ ಅದನ್ನು ಬಯಸುವ ಕಚೇರಿ ಕಟ್ಟಡಗಳು ಇವನ್ನು ಮಾಡಲೇಬೇಕು. ಸಣ್ಣ ನಿವೇಶನಗಳಿಗೆ ಅಂಥ ಆಮಿಷವಿಲ್ಲ.

ಹಿಂದೆ ಬೇಸಿಗೆಯಲ್ಲಿ ಕೆರೆಯ ಗೋಡನ್ನು ರೈತರೇ ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು; ಹೂಳು ಗೊಬ್ಬರವಾಗಿತ್ತು. ಈಗಿನ ಹೂಳಿನಲ್ಲಿ ಒಳಚರಂಡಿ ಕೊಳೆಯೂ ಸಿಮೆಂಟೂ ಬೆರೆತಿರುವುದರಿಂದ ಹೊಲದವರಿಗೆ ಅದು ಬೇಡ. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಹೊಣೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಮೇಲೆ, ಅಂದರೆ ಸಾರ್ವಜನಿಕರ ಹಣದ ಮೇಲೆ ಬಿತ್ತು.