ಆಜ್ಞೆಯೂ ಅನ್ನವೂ

ಕೃಷ್ಣಾ ತೀರದ ಉಗಾರ ಖುರ್ದದ ಸೀಮೆಯಿಂದ ಕಡಲ ದಂಡೆಯವರೆಗೆ ಹಳೆಯ ಮನೆಗಳ ಮೇಲೆ ಕೆಂಪು ಮಂಗಳೂರು ಹಂಚನ್ನು ನೀವು ಕಂಡಿರಬಹುದು. ಆ ಹಂಚಿನ ಚರಿತ್ರೆಯಲ್ಲಿ ಒಂದು ಧರ್ಮಪ್ರಶ್ನೆ ಅಡಗಿದೆ: ನಂಬಿದ್ದೇನೆಂದು ಬಾಯಲ್ಲಿ ಹೇಳಿದರೆ ಸಾಕೇ, ದೇವರ ಆಜ್ಞೆಯಂತೆ ನಡೆಯಲೂ ಬೇಕೇ?

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಈ ವಿಷಯದಲ್ಲಿ ಸಂದೇಹವಿರಲಿಲ್ಲ. ದೀಕ್ಷಾಸ್ನಾನವಾದರೆ ಸಾಲದು, ನಡತೆ ಸಾಕ್ಷಿ ನುಡಿಯಬೇಕು. ಭಾನುವಾರ ದುಡಿಯಕೂಡದು, ಜಾತಿಭೇದ ತೊರೆಯಬೇಕು, ಕಳ್ಳಿನ ಕಸುಬು ಸಲ್ಲದು. ಸಭೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರ ಬದುಕು ಕಳ್ಳು ಇಳಿಸುವ ಮೂರ್ತೆಯನ್ನೇ ನಂಬಿತ್ತು. ಮರ ಏರುವುದನ್ನು ಬಿಟ್ಟರೆ ಒಲೆ ಉರಿಯದು, ಬಿಡದಿದ್ದರೆ ಸಭೆ ಒಪ್ಪದು. ನೆಂಟರಿಷ್ಟರ ಆಸರೆಯೂ ಅಷ್ಟರಲ್ಲಿ ತಪ್ಪಿರುತ್ತಿತ್ತು.

ಹೀಗೆ ಆಜ್ಞೆ ವಿಧಿಸಿದವರ ತಲೆಗೇ ಅನ್ನದ ಹೊಣೆ ಬಿತ್ತು. ಮುದ್ರಣಾಲಯ, ನೇಯ್ಗೆಶಾಲೆ, ಬಳಿಕ 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ—ಎಲ್ಲವೂ ಇವರಿಗೆ ಆಸರೆಯಾದವು. ಆದರೆ ಸಭೆಯೂ ಧಣಿಯೂ ಒಂದೇ ಆದಾಗ ವಿಧೇಯತೆ ದೇವರಿಗೋ ಕೂಲಿಗೋ? ಈ ಶಂಕೆ ನ್ಯಾಯವಾದದ್ದೇ ಎಂದು ನನಗನಿಸುತ್ತದೆ.

ಕಾರ್ಖಾನೆಗೆ ಮೊದಲೇ ಹೆಜ್ಜೆಯಿಟ್ಟವರ ಮಾತು ಬೇರೆ. ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ಗಲಭೆಯೆದ್ದಿತು. ಅವರು ಕುಲದಿಂದ ಹೊರಗಾದರು. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಅದೇ ಮಂಗಳೂರಿಗೆ ಮರಳಿದರು.