ಜಾಹೀರಾತಿನ ಅಕ್ಷರ ಸದಿಶದ ಗುರುತಾದ ಕಥೆ

ಬಲವನ್ನು ಸೂಚಿಸಲು ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ‘ಎಫ್’ ಬರೆದು ಅದರ ತಲೆಯ ಮೇಲೊಂದು ಬಾಣ ಹಾಕುತ್ತಾರೆ. ಅನೇಕ ಮುದ್ರಿತ ಪುಸ್ತಕಗಳಲ್ಲಿ ಈ ಬಾಣ ಇರುವುದಿಲ್ಲ. ಬದಲಿಗೆ ಅಕ್ಷರವೇ ದಪ್ಪವಾಗಿರುತ್ತದೆ, ಎಷ್ಟೋ ವೇಳೆ ಬಲಕ್ಕೆ ವಾಲಿಯೂ ಇರುತ್ತದೆ. ಇದು ಅಲಂಕಾರವಲ್ಲ. 3 ನ್ಯೂಟನ್ ಮತ್ತು 4 ನ್ಯೂಟನ್ ಬಲಗಳು ಪರಸ್ಪರ ಲಂಬವಾಗಿ ವರ್ತಿಸಿದರೆ ಫಲಿತ ಬಲ 5 ನ್ಯೂಟನ್, 7 ಅಲ್ಲ. ಈ ಬಲಗಳಿಗೆ ದಪ್ಪ ಅಕ್ಷರಗಳಲ್ಲಿ ‘ಎ + ಬಿ = ಸಿ’ ಎಂದು ಅಚ್ಚು ಮಾಡಿದರೆ ಸರಿ. ಅದನ್ನೇ ತೆಳು ಅಕ್ಷರಗಳಲ್ಲಿ ಅಚ್ಚು ಮಾಡಿದರೆ 3 + 4 = 5 ಎಂದಂತಾಗುತ್ತದೆ! ಅಕ್ಷರದ ದಪ್ಪಕ್ಕೆ ಇಂಥ ಅರ್ಥ ಬಂದದ್ದು ಹೇಗೆ?

ಉತ್ತರಕ್ಕೆ ನಾವು 19ನೆಯ ಶತಮಾನದ ಲಂಡನ್ನಿನ ಅಚ್ಚುಮೊಳೆ ತಯಾರಕರ ಬಳಿಗೆ ಹೋಗಬೇಕು. ರೋಮನ್ ಅಕ್ಷರಗಳ ಗೆರೆಗಳ ತುದಿಯಲ್ಲಿ ಕಾಣುವ ಪುಟ್ಟ ಅಡ್ಡಗೆರೆಯ ಹೆಸರು ಸೆರಿಫ್. 18ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಕೂದಲೆಳೆಯಷ್ಟು ತೆಳುವಾಗಿತ್ತು. ಕೈಗಾರಿಕಾ ಕ್ರಾಂತಿಯೊಡನೆ ಸರಕುಗಳು ಹೆಚ್ಚಿದವು. ಅವುಗಳ ಪ್ರಚಾರಕ್ಕೆ ಗೋಡೆಗೆ ಅಂಟಿಸುವ ಜಾಹೀರಾತುಗಳು ಬಂದವು. ದೂರದಿಂದ ಕಣ್ಣು ಸೆಳೆಯುವ ಅಕ್ಷರ ಬೇಕಾಯಿತು. 1815–17ರ ಸುಮಾರಿಗೆ ವಿನ್ಸೆಂಟ್ ಫಿಗಿನ್ಸ್ ‘ಆಂಟಿಕ್’ ಎಂಬ ಮಾದರಿಯನ್ನು ಹೊರತಂದ. ಇದರ ಸೆರಿಫ್‌ಗಳು ಹಲಗೆಯಂತೆ ದಪ್ಪ, ಚೌಕ. ಆದ್ದರಿಂದಲೇ ಇಂಥವನ್ನು ಸ್ಲ್ಯಾಬ್ ಸೆರಿಫ್ ಎನ್ನುತ್ತಾರೆ. 1798ರ ನೆಪೋಲಿಯನ್ ದಂಡಯಾತ್ರೆಯ ಬಳಿಕ ಯೂರೋಪಿನಲ್ಲಿ ಈಜಿಪ್ಟಿನ ಹುಚ್ಚು ಹಬ್ಬಿತ್ತು. ಹಾಗಾಗಿ ಇವಕ್ಕೆ ‘ಈಜಿಪ್ಶಿಯನ್’ ಎಂಬ ಹೆಸರೂ ಅಂಟಿಕೊಂಡಿತು. ಈಜಿಪ್ಟಿನ ಲಿಪಿಗೂ ಇವಕ್ಕೂ ಸಂಬಂಧವೇನೂ ಇಲ್ಲ.

ಈ ದಡೂತಿ ಅಕ್ಷರಗಳು ಪುಸ್ತಕದ ಸಾಲಿನೊಳಗೆ ಹೊಂದುತ್ತಿರಲಿಲ್ಲ. ಆ ಕೊರತೆಯನ್ನು ನೀಗಿದ್ದು 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ಹೊರತಂದ ‘ಕ್ಲ್ಯಾರೆಂಡನ್’. ಇದರ ಅಚ್ಚುಗಳನ್ನು ಕೊರೆದವನು ಬೆಂಜಮಿನ್ ಫಾಕ್ಸ್. ಸ್ಲ್ಯಾಬ್ ಸೆರಿಫ್‌ನ ಗಟ್ಟಿತನವನ್ನು ಉಳಿಸಿಕೊಂಡೇ, ಸೆರಿಫ್ ಗೆರೆಗೆ ಸೇರುವಲ್ಲಿ ಮೃದುವಾದ ಬಾಗು ಕೊಟ್ಟು, ಸಾಮಾನ್ಯ ಅಕ್ಷರಗಳ ಪಕ್ಕದಲ್ಲಿ ನಿಲ್ಲುವಂತೆ ಅದನ್ನು ರೂಪಿಸಲಾಗಿತ್ತು. ಬೆಸ್ಲಿ ಅದನ್ನು ಕಾನೂನಿನಡಿ ನೋಂದಾಯಿಸಿದ. ಆದರೆ ರಕ್ಷಣೆ ಇದ್ದದ್ದು ಮೂರೇ ವರ್ಷ. ಅವಧಿ ಮುಗಿದೊಡನೆ ಉಳಿದವರು ನಕಲು ಮಾಡಿದರು. ನಿಘಂಟುಗಳ ಶೀರ್ಷಪದಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅದನ್ನೇ ಬಳಸಿತು.

ಇತ್ತ ಭೌತವಿಜ್ಞಾನಿಗಳಿಗೆ ಬೇರೊಂದು ತೊಡಕು. 1873ರಲ್ಲಿ ಪ್ರಕಟವಾದ ವಿದ್ಯುತ್ಕಾಂತತೆಯ ಗ್ರಂಥದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸದಿಶಗಳಿಗೆ ಜರ್ಮನ್ ಗಾಥಿಕ್ ಅಕ್ಷರಗಳನ್ನು ಬಳಸಿದ್ದ. ಅವುಗಳನ್ನು ಓದುವುದೂ ಕಷ್ಟ, ಬರೆಯುವುದೂ ಕಷ್ಟ. ಮ್ಯಾಕ್ಸ್‌ವೆಲ್‌ನ ಸಮೀಕರಣಗಳನ್ನು ಇಂದಿನ ನಾಲ್ಕು ಸಮೀಕರಣಗಳ ರೂಪಕ್ಕೆ ತಂದ ಆಲಿವರ್ ಹೆವಿಸೈಡ್ (1850–1925) ಇದರಿಂದ ಬೇಸತ್ತ. ತಂತಿ ಕಂಪನಿಯ ಕೆಲಸ ಬಿಟ್ಟು ಸ್ವಂತ ಓದಿನಿಂದ ವಿಜ್ಞಾನಿಯಾದ ಈತ ಪರಿಹಾರ ಕಂಡದ್ದು ಮುದ್ರಣಾಲಯದ ಮೊಳೆಪೆಟ್ಟಿಗೆಯಲ್ಲಿ! ಸದಿಶಗಳಿಗೆ ಕ್ಲ್ಯಾರೆಂಡನ್ ಅಕ್ಷರ ಬಳಸುವ ಪದ್ಧತಿಯನ್ನು 1886ರಲ್ಲಿ ‘ಫಿಲಸಾಫಿಕಲ್ ಮ್ಯಾಗಝಿನ್’ನಲ್ಲಿ ತಾನು ಆರಂಭಿಸಿದ್ದಾಗಿ ಆತನೇ ಬರೆದುಕೊಂಡಿದ್ದಾನೆ. ಇದರ ಅನುಕೂಲ ಸರಳ. ಸದಿಶಕ್ಕೆ ದಪ್ಪ ‘ಎ’, ಅದರ ಪರಿಮಾಣಕ್ಕೆ ತೆಳು ‘ಎ’. ಅಕ್ಷರ ಒಂದೇ ಆದ್ದರಿಂದ ನಂಟು ಉಳಿಯುತ್ತದೆ, ದಪ್ಪ ಬೇರೆಯಾದ್ದರಿಂದ ಗೊಂದಲವಿಲ್ಲ.

ಹೆವಿಸೈಡ್ ಬಳಸಿದ್ದು ನೇರ ನಿಲುವಿನ ಅಕ್ಷರ. ಓರೆ ಅಕ್ಷರದ ಹಾದಿ ಬೇರೆ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನುಶಿಯಸ್ ಇಟಾಲಿಕ್ ಅಕ್ಷರಗಳಲ್ಲಿ ಪುಸ್ತಕ ಮುದ್ರಿಸಿದ. ಅದನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಕಾಲಕ್ರಮದಲ್ಲಿ ಭೌತ ರಾಶಿಗಳ ಚಿಹ್ನೆಗೆ ಓರೆ ಅಕ್ಷರ, ಮಾನಗಳಿಗೆ ನೇರ ಅಕ್ಷರ ಎಂಬ ನಿಯಮ ನೆಲೆಗೊಂಡಿತು. ಓರೆಯಾದ ‘ಎಂ’ ದ್ರವ್ಯರಾಶಿ, ನೇರವಾದ ‘ಎಂ’ ಮೀಟರ್. ಸದಿಶವೂ ಭೌತ ರಾಶಿಯೇ ಆದ್ದರಿಂದ ಅದು ಓರೆಯಾಗಿಯೂ ದಪ್ಪವಾಗಿಯೂ ಇರಬೇಕು. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 80000-2 ಹೇಳುವುದೂ ಇದನ್ನೇ. ಇಂದಿನ ಪುಸ್ತಕಗಳಲ್ಲಿ ಈ ಅಕ್ಷರ ಸ್ಲ್ಯಾಬ್ ಸೆರಿಫ್ ಆಗಿರಬೇಕೆಂದೇನಿಲ್ಲ. ಕ್ಲ್ಯಾರೆಂಡನ್ ಹಿಂದೆ ಸರಿದರೂ ಅದು ಹೊತ್ತ ಕೆಲಸ ಉಳಿದಿದೆ.

ದಪ್ಪ ಓರೆ ಅಕ್ಷರಕ್ಕೆ ಮಿತಿಯೂ ಉಂಟು. ಗೆರೆ ದಪ್ಪವಾದಷ್ಟೂ ಅಕ್ಷರದೊಳಗಿನ ಖಾಲಿ ಜಾಗ ಕಿರಿದಾಗುತ್ತದೆ. ಇಡೀ ಪುಟವನ್ನು ಹಾಗೆ ಮುದ್ರಿಸಿದರೆ ಕಣ್ಣಿಗೆ ಆಯಾಸ, ಒತ್ತು ಕೊಟ್ಟ ಉದ್ದೇಶವೂ ವಿಫಲ. ಒಂದು ಚಿಹ್ನೆ, ಒಂದು ಪದಕ್ಕೆ ಅದು ಸೂಕ್ತ.

ಗಣಿತದ ದಪ್ಪ ಓರೆ ಅಕ್ಷರಗಳಿಗೆ 2001ರಲ್ಲಿ ಯೂನಿಕೋಡ್ ಪ್ರತ್ಯೇಕ ಸಂಕೇತಸಂಖ್ಯೆಗಳನ್ನೇ ಕೊಟ್ಟಿತು. ಇಲ್ಲಿ ರೂಪ ಬದಲಾದರೆ ಅರ್ಥವೇ ಬದಲಾಗುತ್ತದೆ ಎಂಬುದೇ ಕಾರಣ. ಸೀಮೆಸುಣ್ಣದಿಂದ ದಪ್ಪ ಅಕ್ಷರ ಬರೆಯುವುದು ಕಷ್ಟ, ಅಲ್ಲಿ ಬಾಣವೇ ಸರಿ. ಆದರೆ ಪ್ರಶ್ನೆಪತ್ರಿಕೆಯನ್ನು ಟೈಪು ಮಾಡಿಸುವಾಗ ಅಕ್ಷರದ ದಪ್ಪ ಬಿಟ್ಟುಹೋಗಿಲ್ಲವಷ್ಟೆ ಎಂದು ಒಮ್ಮೆ ನೋಡುವುದು ಒಳ್ಳೆಯದು. ಇಲ್ಲವಾದರೆ 3 ಮತ್ತು 4 ಸೇರಿ 5 ಆದದ್ದೇಕೆಂದು ವಿದ್ಯಾರ್ಥಿ ತಲೆ ಕೆರೆದುಕೊಳ್ಳಬೇಕಾದೀತು.