ಸೊನ್ನಲಿಗೆಯ ಕೆರೆ ಮತ್ತು ಬೋಗಾದಿಯ ನೀರುದಾರಿ

ಒಂದು ನಾಡಿನ ಇತಿಹಾಸವನ್ನು ಅರಸರ ವಂಶಾವಳಿಯಿಂದ ಅರಿಯುವುದು ವಾಡಿಕೆ. ಕನ್ನಡ ನಾಡಿನ ಮಟ್ಟಿಗೆ ಅದನ್ನು ಕೆರೆಗಳಿಂದಲೂ ಅರಿಯಬಹುದಾಗಿದೆ. ಅರಸನು ಗೆದ್ದ ಕೋಟೆಗಳ ಹೆಸರನ್ನು ಜನ ಮರೆತಿರುವ ಎಡೆಯಲ್ಲಿಯೂ ಅವನ ಕಾಲದಲ್ಲಿ ಕಟ್ಟಿದ ಏರಿಯೊಂದು ಉಳಿದಿರುತ್ತದೆ; ಆ ಏರಿಯ ಮೇಲೆ ದನ ನಡೆಯುತ್ತವೆ, ಅದರ ಕೆಳಗೆ ಭತ್ತ ತೆನೆಗಟ್ಟುತ್ತದೆ. ನಮ್ಮ ಹಿರಿಯರು ಕೆರೆಯನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿ, ದೇಗುಲ, ಕಾವ್ಯ, ಪುತ್ರರ ಸಾಲಿನಲ್ಲಿ ಅದಕ್ಕೆ ಸ್ಥಾನವನ್ನು ಕೊಟ್ಟರು. ಕೆರೆಯನ್ನು ಕಟ್ಟಿಸಿದವರನ್ನು ಶಾಸನಗಳು ಹೊಗಳುವುದು ಮಾತ್ರವಲ್ಲ. ಅದರ ಪಾಲನೆಗೂ ಏರ್ಪಾಡನ್ನು ಹೇಳುತ್ತವೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನ ದತ್ತಿಗಳು ಏರಿಯ ದುರಸ್ತಿಗೂ ಹೂಳೆತ್ತುವುದಕ್ಕೂ ಮೀಸಲಾಗಿದ್ದವು. ತೂಬಿನ ನೀರನ್ನು ಹೊಲದಿಂದ ಹೊಲಕ್ಕೆ ಹದವರಿತು ಬಿಡಲು ನೀರುಗಂಟಿಯಿದ್ದನು. ಕೆರೆಯನ್ನು ಕಟ್ಟುವುದು ಒಂದು ಸಲದ ಪುಣ್ಯವಲ್ಲ, ತಲೆಮಾರುಗಳ ಹೊಣೆ ಎಂಬ ಅರಿವು ಆ ಏರ್ಪಾಡಿನ ಹಿಂದಿತ್ತು.

ಶರಣ ಸಾಹಿತ್ಯವನ್ನು ಓದಿದವರಿಗೆ ಕೆರೆ ಎಂದೊಡನೆ ನೆನಪಿಗೆ ಬರುವವರು ಸೊನ್ನಲಿಗೆಯ ಸಿದ್ಧರಾಮೇಶ್ವರರು. ಹನ್ನೆರಡನೆಯ ಶತಮಾನದಲ್ಲಿ ಅವರು ಅಲ್ಲಿ ಕಟ್ಟಿಸಿದರೆಂದು ಪರಂಪರೆ ಹೇಳುವ ಕೆರೆ ಇಂದಿಗೂ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ, ಸಿದ್ಧೇಶ್ವರ ದೇವಾಲಯವನ್ನು ಬಳಸಿಕೊಂಡು ನಿಂತಿದೆ. ಆ ಮಹಾಪುರುಷರ ಚರಿತ್ರೆಯನ್ನು ರಾಘವಾಂಕನು ಷಟ್ಪದಿಯಲ್ಲಿ ಹಾಡಿದನು. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಇದೇ ಕೆರೆ ಒಂದು ದೊಡ್ಡ ಸಂವಾದದ ರಂಗಭೂಮಿಯಾಗುತ್ತದೆ. ಕೆರೆಯನ್ನು ಅಗೆಯುತ್ತಿದ್ದವರ ಬಳಿಗೆ ಬಂದ ಅಲ್ಲಮಪ್ರಭುಗಳು ಅವರ ಗುರುವನ್ನು ಮಣ್ಣು ಹೊರುವ ಒಡ್ಡನೆಂದು ಕರೆದು ಕೆಣಕುತ್ತಾರೆ; ಕೆರಳಿದ ಭಕ್ತರು ಕಲ್ಲೆಸೆಯುತ್ತಾರೆ; ಸಿದ್ಧರಾಮರೇ ಕೋಪದಿಂದ ಎದುರಾಗುತ್ತಾರೆ. ಕೊನೆಗೆ ಆ ಕೋಪವು ಅರಿವಾಗಿ ಮಾರ್ಪಟ್ಟು ಅವರು ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆಯುತ್ತಾರೆ.

ಈ ಪ್ರಸಂಗವನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದರು: ‘ಹಾಗಾದರೆ ಕೆರೆ ಕಟ್ಟಿಸುವುದು ತಪ್ಪೆ?’ ಪ್ರಶ್ನೆ ಸಹಜವಾದದ್ದು. ಆದರೆ ಕಥೆಯ ಒಳಗನ್ನು ನೋಡಬೇಕು. ಅಲ್ಲಮರು ಏರಿಯನ್ನು ಒಡೆಯಿರೆಂದು ಹೇಳಲಿಲ್ಲ. ಒಡೆದದ್ದು ‘ನಾನು ಕಟ್ಟಿಸಿದೆ’ ಎಂಬ ಭಾವ. ಕೆರೆ ಉಳಿಯಿತು, ಅದರ ಮೇಲಿದ್ದ ಒಡೆತನದ ಮುದ್ರೆ ಅಳಿಯಿತು. ನೀರು ಯಾರ ಸೊತ್ತೂ ಅಲ್ಲ. ಅದು ಮೇಲಿನಿಂದ ಬಂದು, ನಮ್ಮಲ್ಲಿ ಕ್ಷಣಕಾಲ ನಿಂತು, ಕೆಳಗಿನವರಿಗೆ ಸಾಗಬೇಕಾದ ಪ್ರಸಾದ. ಪ್ರಸಾದವನ್ನು ಸ್ವೀಕರಿಸಬಹುದು, ಕೂಡಿಹಾಕಲಾಗದು, ಕೆಡಿಸಲಾಗದು. ಜೇಡರ ದಾಸಿಮಯ್ಯನವರು ನೆಲವನ್ನೂ ಪೈರನ್ನೂ ಗಾಳಿಯನ್ನೂ ಮನುಷ್ಯನ ಗಳಿಕೆಯೆಂದು ತಿಳಿಯದೆ ದೇವನ ಕೊಡುಗೆಯೆಂದು ಕಂಡದ್ದು ಇದೇ ದೃಷ್ಟಿಯಿಂದ.

ಈ ದೃಷ್ಟಿಯನ್ನಿಟ್ಟುಕೊಂಡು ನಮ್ಮ ಮೈಸೂರಿನ ಕೆರೆಗಳ ಕಡೆಗೆ ತಿರುಗೋಣ. ಮೈಸೂರು ನಗರವು ಕಾವೇರಿ ಮತ್ತು ಕಬಿನಿ ನದಿಗಳ ನಡುವಣ ದಿಣ್ಣೆಯ ಮೇಲೆ ಕುಳಿತಿದೆ. ದಿಣ್ಣೆಯ ಉತ್ತರದ ಇಳಿಜಾರಿಗೆ ಬಿದ್ದ ಹನಿ ಕಾವೇರಿಯ ಪಾಲು, ದಕ್ಷಿಣಕ್ಕೆ ಬಿದ್ದ ಹನಿ ಕಬಿನಿಯ ಪಾಲು. ಒಂದೇ ಮೋಡದಿಂದ ಬಿದ್ದು ಹೀಗೆ ಅಗಲಿದ ಎರಡು ಹನಿಗಳು ತಿರುಮಕೂಡಲು ನರಸೀಪುರದಲ್ಲಿ ಮತ್ತೆ ಕೂಡುತ್ತವೆ. ಎತ್ತರದ ಊರಿಗೆ ನದಿಯ ನೀರು ತಾನಾಗಿ ಏರಿ ಬಾರದು. ಆದುದರಿಂದ ಇಲ್ಲಿಯ ಜನ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯಬೇಕಾಯಿತು. ೧೭೯೯ರಿಂದ ೧೮೧೧ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿಯ ನೀರನ್ನೇ ನಗರಕ್ಕೆ ತರಲು ನಾಲೆಯೊಂದನ್ನು ತೋಡಿಸಿದರು. ಅವರ ಉದ್ದೇಶ ಕೈಗೂಡಲಿಲ್ಲ. ಆದರೆ ಅಗೆದ ನಾಲೆ ವ್ಯರ್ಥವಾಗಲಿಲ್ಲ. ನಗರದ ಪಶ್ಚಿಮದ ಎತ್ತರದ ನೆಲದಲ್ಲಿ ಹರಿದುಹೋಗುವ ಮಳೆಯ ನೀರನ್ನು ಆಯ್ದು ಕೆರೆಗೆ ತರುವ ಕಾಲುವೆಯಾಗಿ ಅದು ಮರುಹುಟ್ಟು ಪಡೆಯಿತು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೨೮ರಲ್ಲಿ ಲಿಂಗಾಂಬುಧಿ ಕೆರೆಯೂ ೧೮೬೪ರಲ್ಲಿ ಕುಕ್ಕರಹಳ್ಳಿ ಕೆರೆಯೂ ರೂಪುಗೊಂಡವು. ಕುಕ್ಕರಹಳ್ಳಿಗೆ ನೀರುಣಿಸುತ್ತಿದ್ದ ಪೂರ್ಣಯ್ಯನವರ ನಾಲೆ ಸುಮಾರು ೨೭ ಕಿಲೋಮೀಟರು ಉದ್ದವಾಗಿತ್ತು. ಇಂದು ಮಾನಸಗಂಗೋತ್ರಿಯ ಅಂಚಿನಲ್ಲಿ ಕಾಣುವ ಆ ಕೆರೆಯನ್ನು ನೋಡುವವರು ಕನ್ನಡಿಯಂಥ ನೀರನ್ನು ಮಾತ್ರ ನೋಡುತ್ತಾರೆ. ಕೆರೆಯೆಂದರೆ ನೀರು ನಿಂತ ತಗ್ಗು ಮಾತ್ರವಲ್ಲ. ಅದಕ್ಕೆ ನೀರು ಹರಿದುಬರುವ ಇಳಿಜಾರು, ಆ ಇಳಿಜಾರಿನ ಹುಲ್ಲು, ಕಾಲುವೆ, ಏರಿ, ತೂಬು, ಕೆಳಗಿನ ಗದ್ದೆ ಇವೆಲ್ಲ ಸೇರಿ ಒಂದು ಕೆರೆ. ದೇಹದಲ್ಲಿ ಹೃದಯವನ್ನು ಮಾತ್ರ ಕಾಪಾಡಿ ನಾಡಿಗಳನ್ನು ಕತ್ತರಿಸಿದರೆ ಪ್ರಾಣ ಉಳಿಯುವುದೆ?

ಈ ನಂಟು ಮನುಷ್ಯನಲ್ಲಿಗೇ ಮುಗಿಯುವುದೂ ಇಲ್ಲ. ಕುಕ್ಕರಹಳ್ಳಿಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ತಂಗುತ್ತವೆ. ಅವು ಮೀನನ್ನು ನಂಬಿವೆ, ಮೀನು ತಿಳಿನೀರನ್ನು ನಂಬಿದೆ, ತಿಳಿನೀರು ದೂರದ ಇಳಿಜಾರಿನ ಹುಲ್ಲನ್ನು ನಂಬಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಿನ ಮರಗಳಲ್ಲಿಯೇ ಈ ಹಕ್ಕಿಗಳು ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಬೆದರಿಸದೆ, ಮರದಡಿ ಬಿದ್ದ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಒಯ್ಯುತ್ತ ಬಂದಿದ್ದಾರೆ. ಕೆರೆಯ ಮೀನು ಹಕ್ಕಿಯ ಮೂಲಕ ರೈತನ ರಾಗಿಯಾಗುವ ಈ ಪರಿಯನ್ನು ದಾಸೋಹವೆಂದು ಕರೆದರೆ ತಪ್ಪಾಗಲಾರದು.

ಈ ಸಂಬಂಧ ನಮ್ಮಲ್ಲಿ ಸಡಿಲವಾದದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾವೇರಿಯ ನೀರು ಕೊಳವೆಗಳಲ್ಲಿ ಮೈಸೂರಿಗೆ ಬಂದಿತು. ೧೯೧೧ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಇವು ಜನೋಪಕಾರದ ಕಾರ್ಯಗಳೇ. ಅವುಗಳನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ನಲ್ಲಿಯನ್ನು ತಿರುಗಿಸಿದರೆ ನೀರು ಬರುವಾಗ, ನೀರಿಗೂ ಮಳೆಗೂ ಇರುವ ನಂಟು ಮನಸ್ಸಿನಿಂದ ಜಾರುತ್ತದೆ. ನೀರುಗಂಟಿಯ ಕೆಲಸವಿಲ್ಲವಾಯಿತು. ಹೂಳನ್ನು ಹೊಲಕ್ಕೆ ಹೊರುವ ಬೇಸಗೆಯ ಪದ್ಧತಿ ಇಲ್ಲವಾಯಿತು. ಕಾಲುವೆ ಮೊದಲು ಮರೆವಿನಲ್ಲಿ ಮುಚ್ಚಿತು, ಅನಂತರ ಮಣ್ಣಿನಲ್ಲಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಿವೃತ್ತನಾದ ಮೇಲೆ ಬೋಗಾದಿಯಲ್ಲಿ ನಿವೇಶನವೊಂದನ್ನು ಕೊಂಡು ಮನೆ ಕಟ್ಟಿಸಿದೆ. ಹಿಂದೆ ಇದು ಗದ್ದಿಗೆಯ ಕಡೆಗೆ ಹೋಗುವ ಹಾದಿಯಲ್ಲಿದ್ದ ಹಳ್ಳಿ. ಈಗ ನಗರದೊಳಗೇ ಬೆರೆತಿದೆ. ಒಂದು ವರ್ಷ ಹಿಂಗಾರಿನ ಮಳೆ ಜೋರಾಗಿ ಸುರಿದ ರಾತ್ರಿ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ನೆಲಮನೆಯಲ್ಲಿಟ್ಟಿದ್ದ ಪುಸ್ತಕಗಳು ನೆನೆದವು. ಅವುಗಳ ನಡುವೆ ವಚನಗಳನ್ನು ಪಾಠ ಹೇಳಲೆಂದು ನಾನು ಬರೆದಿಟ್ಟಿದ್ದ ಟಿಪ್ಪಣಿಗಳೂ ಇದ್ದವು. ನೆರೆಹೊರೆಯವರೊಡನೆ ನಾನೂ ಮಳೆಯನ್ನು ಬೈದೆ. ಮರುದಿನ ಈ ಊರಿನಲ್ಲಿಯೇ ಹುಟ್ಟಿ ಬೆಳೆದ ವೃದ್ಧ ರೈತರೊಬ್ಬರು ಬಂದು ಬೀದಿಯ ಕೆಸರನ್ನು ನೋಡಿ, ‘ಮೇಷ್ಟ್ರೇ, ನೀರು ನಿಮ್ಮ ಮನೆಗೆ ಬಂದಿಲ್ಲ, ಅದರ ದಾರೀಲಿ ಅದು ಹೋಯ್ತು’ ಎಂದರು. ಅನಂತರ ಗ್ರಾಮದ ಹಳೆಯ ನಕ್ಷೆಯನ್ನು ನೋಡಿದೆ. ಕೆರೆಯ ಕಡೆಗೆ ಇಳಿಯುವ ಹಳ್ಳವೊಂದರ ಗೆರೆ ನಮ್ಮ ಬೀದಿಯ ಮೇಲೆಯೇ ಹಾದುಹೋಗಿತ್ತು. ಮೂವತ್ತು ವರ್ಷ ಸಿದ್ಧರಾಮೇಶ್ವರರ ಕೆರೆಯ ಪಾಠ ಹೇಳಿದವನು ನೆಲವನ್ನು ಕೊಳ್ಳುವಾಗ ನೀರಿನ ದಾರಿ ಯಾವುದೆಂದು ಒಂದು ಮಾತು ಕೇಳಿರಲಿಲ್ಲ. ‘ನನ್ನ ಮನೆ’ ಎಂಬ ಎರಡು ಪದಗಳಲ್ಲಿ ಮೊದಲನೆಯದೇ ನನ್ನ ಕಣ್ಣನ್ನು ಮುಚ್ಚಿತ್ತು.

ಹಳ್ಳ ಮುಚ್ಚಿದರೆ ಎರಡು ಕೇಡು. ಮಳೆನೀರು ಕೆರೆಗೆ ಹೋಗದೆ ಮನೆಗೆ ನುಗ್ಗುವುದು ಒಂದು. ಮಳೆಯ ಬದಲು ಬಚ್ಚಲು ನೀರು ಕೆರೆಯನ್ನು ಸೇರುವುದು ಇನ್ನೊಂದು. ಕೊಳಚೆಯ ಸಾರವನ್ನುಂಡು ಪಾಚಿಯೂ ಅಂತರಗಂಗೆಯೂ ಹಬ್ಬುತ್ತವೆ, ಅವು ಕೊಳೆತಾಗ ನೀರಿನ ಪ್ರಾಣವಾಯು ಕುಂದುತ್ತದೆ, ಮೀನು ಸಾಯುತ್ತದೆ, ಹಕ್ಕಿ ದೂರವಾಗುತ್ತದೆ. ಕುಕ್ಕರಹಳ್ಳಿ ಕೆರೆಯೂ ಇಂಥ ಕೊಳಚೆಯ ಕಾಟವನ್ನು ಅನುಭವಿಸಿದೆ. ಮೇಲಿನ ಬೀದಿಯ ಒಬ್ಬನ ಅಲಕ್ಷ್ಯ ಕೆಳಗಿನ ಜೀವಕೋಟಿಯ ಶ್ವಾಸವನ್ನು ಕಟ್ಟುತ್ತದೆ.

ಕೆರೆಗಳ ರಕ್ಷಣೆಗೆಂದು ೨೦೧೪ರಲ್ಲಿ ಕರ್ನಾಟಕವು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಕಾಯಿದೆ ಬೇಕು, ಆದರೆ ಪ್ರತಿ ಮನೆಯ ಬಚ್ಚಲಲ್ಲಿಯೂ ಕಾವಲುಗಾರನನ್ನು ಅದು ನಿಲ್ಲಿಸಲಾರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆ ನಮಗೆಲ್ಲ ಪರಿಚಿತ. ಆ ತಾಯಿಗೆ ಯಾವ ಕಾಯಿದೆ ಹೇಳಿಕೊಟ್ಟಿತ್ತು? ಹೆಚ್ಚಾಗಿ ತಂದದ್ದು ಇನ್ನೊಬ್ಬರ ಪಾಲು ಎಂಬ ಅರಿವೇ ಅವಳ ಕಾಯಿದೆ. ನೆಲದ ವಿಷಯದಲ್ಲಿ ನಾವು ಮಾರಯ್ಯನವರಂತೆ ತಂದಿದ್ದೇವೆ. ಲಕ್ಕಮ್ಮನವರಂತೆ ಹಿಂದಿರುಗಿಸುವುದು ಬಾಕಿಯಿದೆ.

ಕಟ್ಟಿದ ಮನೆಯನ್ನು ಕೆಡವುವ ಶಕ್ತಿ ನನಗಿಲ್ಲವೆಂದು ನಾಚಿಕೆಯಿಂದಲೇ ಬರೆಯುತ್ತೇನೆ. ಅಂಗಳದ ಕಲ್ಲುಹಾಸನ್ನು ಕಿತ್ತು ಮಣ್ಣನ್ನು ಬಿಡಿಸಿದೆ. ಮಾಳಿಗೆಯ ನೀರು ಇಂಗುಗುಂಡಿಗೆ ಇಳಿಯುತ್ತದೆ. ಬೀದಿಯ ಕೊನೆಯಲ್ಲಿ ಉಳಿದಿರುವ ಹಳ್ಳದ ತುಣುಕಿಗೆ ಕಸ ಹಾಕದಂತೆ ನಾವು ನಾಲ್ಕಾರು ಮನೆಯವರು ಮಾತಾಡಿಕೊಂಡಿದ್ದೇವೆ. ಇದು ಅಲ್ಪ ಕಾರ್ಯ. ಕೆರೆ ಕಟ್ಟಿಸಿದವರ ಮುಂದೆ ಹೇಳಿಕೊಳ್ಳುವಂಥದಲ್ಲ. ಭಕ್ತರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ: ನಿಮ್ಮ ಊರಿನ ಕೆರೆಯ ದಂಡೆಯಲ್ಲಿ ನಿಂತು ಕೈಮುಗಿಯುವ ಮೊದಲು, ಅದಕ್ಕೆ ನೀರು ಬರುವ ಕಾಲುವೆಯನ್ನು ಹಿಡಿದು ಮೇಲಕ್ಕೆ ನಡೆಯಿರಿ. ಆ ದಾರಿ ಯಾರ ಮನೆಯ ಬಾಗಿಲಲ್ಲಿ ನಿಲ್ಲುತ್ತದೆಯೆಂದು ನೋಡಿರಿ. ಬೋಗಾದಿಯಲ್ಲಿ ಅದು ನನ್ನ ಮನೆಯ ಬಾಗಿಲಲ್ಲಿ ನಿಂತಿತ್ತು.